ಗೋಡೆ ತಟ್ಟುವ ಅತ್ತೆ

ನಮ್ಮ ಸೋದರತ್ತೆ ಇದುವರೆಗೆ ಯಾರ ಮನೆಗೆ ಹೋದರೂ ಮೊದಲು ಮನುಷ್ಯರ ಮುಖ ನೋಡಿದವರಲ್ಲ! ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವರ ಕಣ್ಣು ಛಾವಣಿಗೆ ಹೋಗುತ್ತದೆ. ಅಲ್ಲಿಂದ ಗೋಡೆಗೆ ಇಳಿಯುತ್ತದೆ, ಗೋಡೆಯಿಂದ ನೆಲಕ್ಕೆ. ಇಷ್ಟೆಲ್ಲ ಮುಗಿದ ಮೇಲೆ, ಕೈಮುಗಿದುಕೊಂಡು ನಿಂತ ಮನೆಯವರಿಗೆ "ಹ್ಞಾಂ, ಆರಾಮ ಅದೀರೇನ್ರಿ?" ಎನ್ನುತ್ತಾರೆ. ಅಷ್ಟೊತ್ತಿಗೆ ಅವರ ಆರಾಮೆಲ್ಲ ಹಾರಿಹೋಗಿರುತ್ತದೆ.

ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಜಮಖಂಡಿ ಸುತ್ತಮುತ್ತ ಮನೆ ಕಟ್ಟಿಸುವ ಗುತ್ತಿಗೆದಾರರಾಗಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ವಿದ್ಯೆ ಮಾತ್ರ ಅತ್ತೆಯ ಬಳಿ ಉಳಿದುಬಿಟ್ಟಿತು. ಅವರ ಸಲಕರಣೆಗಳೋ, ಒಂದು ಸ್ಟೀಲಿನ ಸೌಟು, ಒಂದು ನಿಂಬೆಹಣ್ಣು! ಸೌಟಿನಿಂದ ಗೋಡೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಿಲಾವು, ಅಂದರೆ ಗೋಡೆಯ ಗಾರೆ, ಒಳಗೇ ಬಿಟ್ಟುಕೊಂಡಿದೆ ಎಂದರ್ಥ. ನೆಲದ ಮೇಲಿಟ್ಟ ನಿಂಬೆಹಣ್ಣು ತಾನಾಗಿ ಉರುಳಿದರೆ ನೆಲ ಒಂದು ಕಡೆಗೆ ವಾಲಿದೆ. ಕೊನೆಗೆ ತೀರ್ಪು ಎರಡರಲ್ಲೊಂದು. "ಗಿಲಾವ ಮಾಡಸ್ರಿ, ಆತು." ಇಲ್ಲವೇ, "ಇದು ನನ್ನ ಕೈಯಾಗಿಂದಲ್ಲ, ತಿಳದವರಿಗಿ ತೋರಸ್ರಿ." ಯಾರಿಗೆ ಯಾವುದು ಬೀಳುತ್ತದೆ ಎಂದು ಆ ದೇವರಿಗೂ ಗೊತ್ತಿರಲಿಕ್ಕಿಲ್ಲ.

ಒಮ್ಮೆ ನನ್ನ ಹೆಂಡತಿಯ ತಮ್ಮ ತೇರದಾಳದಲ್ಲಿ ಮನೆ ಕೊಳ್ಳುವವನಿದ್ದ. ಅತ್ತೆಯನ್ನು ಕರೆದುಕೊಂಡು ಹೋದೆವು. ಮಾರುವವರು ಚಹಾಕ್ಕೆ ಇಟ್ಟಿದ್ದರು. ಅತ್ತೆ ಮಾತಿಲ್ಲದೆ ನಡುಮನೆಯಲ್ಲಿ ಕುಳಿತು ನಿಂಬೆಹಣ್ಣು ಬಿಟ್ಟರು. ಅದು ಉರುಳುತ್ತ ಹೋಗಿ ಮಂಚದ ಕೆಳಗೆ ಸೇರಿತು. ಮನೆಯೊಡತಿ ಕಿಟಾರನೆ ಕಿರುಚಿದರು.

"ಏನ್ರಿ ಇದು? ನಮ್ಮ ಮನ್ಯಾಗ ಮಾಟಾ ಮಾಡಾಕ ಬಂದೀರೇನು?"

ನಾನು ಹಾಗಲ್ಲ ಹೀಗೆ ಎಂದು ತಿಳಿಹೇಳುತ್ತಿದ್ದೆ. ಅತ್ತೆ ಅಷ್ಟರಲ್ಲಿ ಮಂಚದ ಕೆಳಗೆ ಅರ್ಧ ಹೋಗಿದ್ದರು! ಅಲ್ಲಿಂದಲೇ ದನಿ ಬಂತು: "ತಡೀರಿ, ಹಣ್ಣ ಇನ್ನೂ ನಿಂತಿಲ್ಲ."

ಚಹಾ ಒಳಗೇ ಉಳಿಯಿತು, ನಾವು ಹೊರಗೆ ಬಂದೆವು. ಬಸ್ಸಿನಲ್ಲಿ ಅತ್ತೆ ಶಾಂತವಾಗಿ ಹೇಳಿದರು: "ಮನಿ ಭಾಳ ಛಲೋ ಐತಿ. ನೆಲಕ್ಕ ಫರಸಿ ಹಾಕುವಾಗ ಸ್ವಲ್ಪ ಇಳಿಜಾರ ಮಾಡ್ಯಾರ, ಅಷ್ಟ. ತೊಗೊಳ್ರಿ."

ಇನ್ನು ಯಾರು ಕೊಡುತ್ತಾರೆ ನಮಗೆ?

ಬನಹಟ್ಟಿಯ ನನ್ನ ಗೆಳೆಯನ ಗೋಳು ಇನ್ನೊಂದು. ಅವನ ಪಕ್ಕದ ಮನೆಯಲ್ಲಿ ದಿನವಿಡೀ ಪವರ್‌ಲೂಮು. ಆ ಮಗ್ಗದ ಅದುರುವಿಕೆಗೇ ತನ್ನ ಗೋಡೆ ಬಿರುಕು ಬಿಟ್ಟಿದೆ ಎಂದು ಅವನು ವಕೀಲರನ್ನೂ ನೋಡಿಟ್ಟಿದ್ದ. ಅತ್ತೆ ಬಂದು ಒಂದು ಹೇಳಿಕೆ ಕೊಟ್ಟರೆ ಸಾಕು, ಜಗಳ ಶುರು! ಅತ್ತೆ ಗೋಡೆಯುದ್ದಕ್ಕೂ ಸೌಟು ಬಡಿದರು.

"ಇದಕ್ಕ ಇಂಜಿನಿಯರೂ ಬ್ಯಾಡ, ವಕೀಲನೂ ಬ್ಯಾಡ. ಗಿಲಾವಕ್ಕ ನೀರ ಸರಿಯಾಗಿ ಹೊಡದಿಲ್ಲ ನೀವು. ಕಿತ್ತ ಮತ್ತ ಮಾಡಸ್ರಿ."

ಗೆಳೆಯನ ಮುಖ ಸಣ್ಣದಾಯಿತು. "ಒಂದರೆ ದೊಡ್ಡ ಬಿರಕ ಇಲ್ಲೇನ್ರಿ?"

"ಇಲ್ಲೋ ತಮ್ಮಾ. ಜಗಳಾ ಮಾಡೂದಿದ್ರ ಬ್ಯಾರೆ ಕಾರಣಾ ಹುಡುಕು."

ಇವೆಲ್ಲ ಊರವರ ಸಂಕಟ, ನಗಬಹುದು. ಆದರೆ ಸೌಟು ನಮ್ಮ ಮನೆಗೇ ಬಂದಾಗ?

ಬೀಳಗಿಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ನಮ್ಮಲ್ಲೇ ಎಂದು ನಿಶ್ಚಯವಾಗಿತ್ತು, ಹೆರಿಗೆಗೂ ಅವಳು ಇಲ್ಲೇ ಉಳಿಯುವವಳು. ಅವಳಿಗಾಗಿ ಮೂಲೆಯ ಕೋಣೆಗೆ ಬಣ್ಣ ಹೊಡೆಸಲು ಆಳನ್ನು ಕರೆಸಿದ್ದೆ. ಆ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೋಗಿತ್ತು. ಅತ್ತೆ ಬರುವ ಸುದ್ದಿ ಕೇಳಿದ ಕೂಡಲೇ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದೆ. ಅತ್ತೆ ಒಳಗೆ ಬಂದವರೇ ಕ್ಯಾಲೆಂಡರ್ ಎತ್ತಿದರು! ತಾರೀಖು ನೋಡಲಿಕ್ಕಲ್ಲ ಎಂದು ಬೇರೆ ಹೇಳಬೇಕೆ?

"ಈ ಕಿಡಕಿ ಮುಚ್ಚತೈತೇನು?"

"ಸ್ವಲ್ಪ ಬಿಗಿ ಆಗೇತಿ."

"ಬಣ್ಣ ಬ್ಯಾಡ. ಬುನಾದಿ ತಿಳದ ಇಂಜಿನಿಯರನ್ನ ಕರಸು."

ನನಗೆ ತಲೆ ಕೆಟ್ಟಿತು. "ಅತ್ತೀ, ಬನಹಟ್ಟ್ಯಾಗ ಗ್ವಾಡಿ ತುಂಬ ಬಿರಕ ಇದ್ದೂವು, ಗಿಲಾವ ಅಂದಿ. ನನಗ ಇರೂದ ಒಂದ! ಇದಕ್ಕ ಇಂಜಿನಿಯರ್?"

"ಅಲ್ಲಿ ಜ್ಯಾಡರ ಬಲಿ ಇದ್ದಂಗ, ಮ್ಯಾಲಿಂದ ಮ್ಯಾಲ ಇತ್ತು. ಇದು ಇಟ್ಟಂಗಿ ಸೀಳಕೊಂಡ ಹೋಗೇತಿ, ದಿನಾ ಅಗಲ ಆಗಾಕತ್ತೇತಿ. ಅದಕ್ಕ ಕಿಡಕಿ ಹಿಡಿಯಾಕತ್ತೇತಿ. ಮನಿ ಮೂಲಿ ಕುಸಿಯಾಕತ್ತೇತಿ."

"ಹಂಗಾರ ಏನ ಮಾಡಬೇಕು, ನೀನ ಹೇಳಿಬಿಡ ಬೇ!"

"ಯಾಕ ಕುಸಿಯಾಕತ್ತೇತಿ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಮದ್ದ ಹೆಂಗ ಹೇಳ್ಲಿ?"

ಊರ ಗೋಡೆಗಳೆಲ್ಲ ಗೊತ್ತು, ಸೋದರಳಿಯನ ಗೋಡೆ ಮಾತ್ರ ಗೊತ್ತಿಲ್ಲ! ನಾನು ಸಿಟ್ಟಿನಿಂದ ಆಳಿಗೆ "ನೀ ಹೊಡಿಯೋ" ಎಂದೆ. ಅತ್ತೆ ಹೋಗಿ ಬಣ್ಣದ ಡಬ್ಬಿಯ ಮೇಲೆ ಕುಳಿತುಬಿಟ್ಟರು. ಬೇಡಿಕೊಂಡೆ, ಗದರಿದೆ, ಏಳಲಿಲ್ಲ. ಹೆಂಡತಿ ಅಲ್ಲಿಗೇ ರೊಟ್ಟಿ, ಬದನೆಕಾಯಿ ಪಲ್ಯ ತಂದುಕೊಟ್ಟಳು. ಡಬ್ಬಿಯ ಮೇಲೆಯೇ ಊಟ! ಎರಡನೆಯ ರೊಟ್ಟಿ ಮುರಿಯುವ ಹೊತ್ತಿಗೆ ಆಳು ಏಣಿ ಹೊತ್ತುಕೊಂಡು ಹೊರಟುಹೋದ.

ಬೇರೆ ದಾರಿಯಿಲ್ಲದೆ ಬೆಳಗಾವಿಯಿಂದ ಇಂಜಿನಿಯರನ್ನು ಕರೆಸಿದೆ. ಅವರು ಮನೆಯ ಮೂಲೆಯಲ್ಲಿ ಅಗೆಸಿದರು. ಪಕ್ಕದಲ್ಲಿದ್ದ ನೆಲದೊಳಗಿನ ನೀರಿನ ಟಾಕಿ ಸೋರಿ ಸೋರಿ, ಬುನಾದಿಯ ಕೆಳಗಿನ ಕರಿಮಣ್ಣು ಕೆಸರಾಗಿತ್ತು. ಇಂಜಿನಿಯರು ನನ್ನ ಕಡೆ ತಿರುಗಿದರು. "ಈ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಬಣ್ಣ ಹೊಡೆಸಿದ್ದರೆ ನಿಮಗಿದು ಕಾಣುತ್ತಲೇ ಇರಲಿಲ್ಲ."

ಅತ್ತೆ ಈಗ ನನಗೆ ಚೆನ್ನಾಗಿ ಜಾಡಿಸುತ್ತಾರೆ ಎಂದುಕೊಂಡೆ. ಅತ್ತೆ ಇಂಜಿನಿಯರನ್ನು ಕೇಳುತ್ತಿದ್ದರು: "ನಿಮ್ಮ ಮನಿ ಗ್ವಾಡಿ ಹ್ಯಾಂಗದಾವ್ರಿ, ಸಾಹೇಬ್ರ? ಬಂದ ನೋಡ್ಲೇನು?"

ಕುಬಸ ಬೀಳಗಿಯಲ್ಲೇ ನಡೆಯಿತು. ಇಲ್ಲಿ ಟಾಕಿ ಸರಿಯಾಯಿತು, ಬುನಾದಿ ಗಟ್ಟಿಯಾಯಿತು, ಕಿಟಕಿ ಸಲೀಸಾಗಿ ಮುಚ್ಚತೊಡಗಿತು. ಹೆರಿಗೆಯ ಹೊತ್ತಿಗೆ ಮಗಳು ಬಂದಳು, ಮೊಮ್ಮಗಳು ಹುಟ್ಟಿದಳು. ಅದೇ ಕೋಣೆಯಲ್ಲಿ ತೊಟ್ಟಿಲು ಕಟ್ಟಿದೆವು.

ಒಂದು ಮಧ್ಯಾಹ್ನ ಅತ್ತೆ ಕೂಸನ್ನು ನೋಡಲು ಬಂದರು. ಅಂದು ಛಾವಣಿ ನೋಡಲಿಲ್ಲ, ಗೋಡೆ ನೋಡಲಿಲ್ಲ. ನೇರವಾಗಿ ತೊಟ್ಟಿಲ ಬಳಿ ಹೋಗಿ ಬಗ್ಗಿದರು. ಕೂಸಿನ ಹೊದಿಕೆ ಸರಿಮಾಡಿದರು.

"ನಮ್ಮ ದೊಡ್ಡ ಮಗಳು ಲೋಕಾಪುರದಾಗ ಹುಟ್ಟಿದ್ಲು," ಎಂದರು ಆಮೇಲೆ, ಯಾರಿಗೋ ಹೇಳುವಂತೆ. "ನಿಮ್ಮ ಮಾವ ಕಟ್ಟಸಾಕತ್ತಿದ್ದ ಯಾರದೋ ಮನ್ಯಾಗ. ಇನ್ನೂ ಬಾಗಲಾ ಕೂಡಿಸಿದ್ದಿಲ್ಲ. ಹೊರಗ ಜೋರ ಮಳಿ. ಕೂಸಿಗಿ ಎರಚಲಾ ಬಡೀಬಾರದಂತ ಅವರು ಬಾಗಲದಾಗ ಗೋಣಿತಟ್ಟ ಹಿಡಕೊಂಡ ನಿಂತ್ರು. ಮಳಿ ನಿಂತ್ರೂ ಕೈ ಇಳಸಲಿಲ್ಲ, ಹುಚ್ಚಪ್ಪ."

"ಅತ್ತೀ, ಇವತ್ತ ಇಲ್ಲೇ ಇರು," ಎಂದೆ.

ಅತ್ತೆ ಸೌಟಿನ ಚೀಲ ಪಕ್ಕಕ್ಕಿಟ್ಟರು. ತೊಟ್ಟಿಲಿನ ಪಕ್ಕ ಕಾಲು ಚಾಚಿ ಕುಳಿತರು. ನಮ್ಮ ಗೋಡೆಗೆ ಪೂರಾ ಬೆನ್ನು ಕೊಟ್ಟು, ತೊಟ್ಟಿಲ ಹಗ್ಗ ಕೈಯಲ್ಲಿ ಹಿಡಿದು, ಹಾಗೇ ನಿದ್ದೆಹೋದರು.