'ನಿಲ್ಲಬೇಡಿ' ಎಂದ ಅನುವಾದ ಯಂತ್ರಕ್ಕೆ

ಮಾನ್ಯ ಅನುವಾದ ಯಂತ್ರ ಮಹಾಶಯರೇ,

ಆಸ್ಪತ್ರೆಯ ಔಷಧಿ ಕೌಂಟರಿನ ಮೇಲೆ ಹಸಿರು ದೀಪ ಮಿನುಗಿಸುತ್ತ ವಿರಾಜಮಾನರಾಗಿ, ಎಲ್ಲೆಲ್ಲಿಂದಲೋ ಬಂದು ಸೇರಿದ ಮುದುಕ ಮುದುಕಿಯರಿಗೆ ಅವರವರ ಭಾಷೆಯಲ್ಲೇ ಮಾತ್ರೆಯ ಚೀಟಿ ಅಚ್ಚುಹಾಕಿ ಕೊಡುವ ತಮಗೆ, ಮಗಳ ಜೊತೆ ಇರಲೆಂದು ಪರದೇಶಕ್ಕೆ ಬಂದ ಮುದುಕಿಯೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿರುವುದರಿಂದ ಅವನ್ನು ಕಾಗದದ ಮೇಲೆಯೇ ಸ್ವೀಕರಿಸಬೇಕು.

ನಮ್ಮ ಯಜಮಾನರ ರಕ್ತದೊತ್ತಡದ ಮಾತ್ರೆಯ ಡಬ್ಬಿಗೆ ತಾವು ದಯಪಾಲಿಸಿದ ಚೀಟಿಯಲ್ಲಿ 'ವೈದ್ಯರನ್ನು ಕೇಳದೆ ನಿಲ್ಲಬೇಡಿ' ಎಂದಿತ್ತು. ಮಾತ್ರೆಯನ್ನು 'ನಿಲ್ಲಿಸಬೇಡಿ' ಎಂಬುದು ತಮ್ಮ ಘನ ಉದ್ದೇಶವಾಗಿತ್ತಂತೆ. ನಡುವಿನ ಒಂದು ಗುಡಿಸನ್ನೂ ಒಂದು ಸಕಾರವನ್ನೂ ತಾವು ನುಂಗಿ ನೀರು ಕುಡಿದಿದ್ದಿರಿ.

ಜೀವಮಾನವಿಡೀ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದ ಕಂಡಕ್ಟರರಿಗೆ ಇಂಥ ಅಪ್ಪಣೆ ಸಿಕ್ಕರೆ ಕೇಳಬೇಕೆ? "ನೋಡೇ, ಡಾಕ್ಟ್ರೇ ಬರೆದ್ಕೊಟ್ಟಿದಾರೆ, ನಾನು ನಿಂತ್ಕೋಬಾರ್ದಂತೆ, ನೀರು ಇಲ್ಲೇ ತಂದ್ಕೊಡು" ಎಂದು ಸೋಫಾ ಹಿಡಿದವರು ಪಾತ್ರೆ ತೊಳೆಯುವ ಸರದಿಯನ್ನೂ ಬಟ್ಟೆ ಹರವುವ ಸರದಿಯನ್ನೂ ನನ್ನ ತಲೆಗೇ ಕಟ್ಟಿದರು. "ಮತ್ತೆ ಬಚ್ಚಲಿಗೆ ಹೇಗ್ ಹೋಗ್ತೀರಿ?" ಎಂದು ಕೇಳಿದರೆ, "ನಡೀಬಾರ್ದು ಅಂದಿಲ್ವಲ್ಲ" ಎಂದು ಬಗ್ಗಿಕೊಂಡೇ ನಡೆದು ಹೋಗುತ್ತಿದ್ದರು.

ಈ ನಡುವೆ ಮೈ ಹಗುರಾಯಿತೆಂದು ಮಾತ್ರೆಯನ್ನೂ ಬಿಟ್ಟರು. ಬಿಡಬೇಡಿ ಎಂದು ತಾವು ಎಲ್ಲೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಾಯಿ ಸೊಟ್ಟಗಾಗಿ ಕುಸಿದುಬಿದ್ದರು. ಆಂಬುಲೆನ್ಸಿನಲ್ಲಿ ಅವರ ತಣ್ಣನೆಯ ಕೈ ಹಿಡಿದು ಕುಳಿತಾಗ ನನಗೆ ಬರೀ ಭಯವಿತ್ತು. ತಮ್ಮ ಮೇಲೆ ಸಿಟ್ಟು ಬಂದದ್ದು ಅವರು ಉಳಿಯುತ್ತಾರೆಂದು ಗೊತ್ತಾದ ಮೇಲೆ.

ಈಗ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಮ್ಮ ಭಾಷೆಯ ನರ್ಸಮ್ಮ ಒಬ್ಬಳು ನಮ್ಮಂಥವರಿಗೆ ಮಾತ್ರೆಯ ಪಾಠ ಹೇಳುತ್ತಾಳೆ. ಎಲ್ಲ ಹೇಳಿ ಮುಗಿಸಿ, "ಈಗ ನೀವು ಹೇಳಿ ಅಜ್ಜಿ, ಯಾವ್ದು ಯಾವಾಗ?" ಎಂದು ನಮ್ಮ ಬಾಯಿಂದಲೇ ಹೇಳಿಸುತ್ತಾಳೆ, ತಪ್ಪಿದರೆ ಗದರಿಸಿ ಮತ್ತೆ ಹೇಳಿಸುತ್ತಾಳೆ. ಇಷ್ಟೊಂದು ಭಾಷೆ ಬಲ್ಲ ತಾವು ಮಾತ್ರ ಯಾರನ್ನೂ 'ಅರ್ಥವಾಯಿತೇ' ಎಂದು ಇದುವರೆಗೆ ಕೇಳಿಲ್ಲ. ಆದುದರಿಂದ ತಾವು ಕೌಂಟರಿನಿಂದ ಇಳಿದು ಬಂದು, ನಮ್ಮ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತು ಕಾಗುಣಿತ ಕಲಿಯಬೇಕು; ಅನುಕೂಲವಾದರೆ ಬರುವಾಗ ಒಂದು ರಕ್ತದೊತ್ತಡವನ್ನೂ ಒಬ್ಬ ಗಂಡನನ್ನೂ ಸಂಪಾದಿಸಿಕೊಂಡು ಬರಬೇಕೆಂದು ಪ್ರಾರ್ಥನೆ.

ತಮ್ಮ ಮಾತಂತೂ ಫಲಿಸಿದೆ. ಯಜಮಾನರಿಗೆ ಈಗ ನಿಜವಾಗಿಯೂ ನಿಲ್ಲಲಾಗುವುದಿಲ್ಲ. ದಿನವೂ ನನ್ನ ಹೆಗಲು ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಾರೆ, ವೈದ್ಯರನ್ನು ಕೇಳಿಯೇ.

ವಿಶ್ವಾಸ ಇನ್ನೂ ಅಷ್ಟಿಷ್ಟು ಉಳಿದಿರುವ ಮಟ್ಟಿಗೆ,
ತಮ್ಮ ವಿಶ್ವಾಸಿ,
ಕಂಡಕ್ಟರರ ಹೆಂಡತಿ

ವಿ.ಸೂ.: ಈ ಪತ್ರವನ್ನು ಆಸ್ಪತ್ರೆಯ ದೊಡ್ಡವರಿಗೆ ಅನುವಾದಿಸಿ ಕೊಡುವ ಕೃಪೆಯನ್ನು ತಾವು ಮಾಡಬಾರದು. ನಾನು ಬೈದಿದ್ದೇನೆ, ಅವರು ಸನ್ಮಾನವೆಂದು ತಿಳಿದು ಹಾರಕ್ಕೆ ಕೊರಳೊಡ್ಡಿಯಾರು.