ಮದುವೆ ಕಾಗದಕ್ಕೆ ಬಿದ್ದ ಬೀಗ

ಶಾಹುಲ್ ಹಮೀದನ ಫಜೀತಿ ಶುರುವಾದದ್ದು ಅವನ ಬಾವ ಫಯಾಝ್ ಗಲ್ಫಿನಿಂದ ರಜೆಯಲ್ಲಿ ಬಂದು, ಮನೆಯಲ್ಲಿ ಬಿರಿಯಾನಿ ಉಂಡು, ಕೈ ತೊಳೆಯುತ್ತ ಕೇಳಿದ ಒಂದು ಪ್ರಶ್ನೆಯಿಂದ.

"ಇಷ್ಟು ಜನ ನಿನ್ನ ಸಾಫ್ಟ್‌ವೇರ್ ಉಪಯೋಗಿಸ್ತಾರೆ. ನಿನಗೆ ಏನು ಸಿಗ್ತದೆ?"

ಹಮೀದ್ ಯೋಚಿಸಿದ. "ಫೋನ್ ಬರ್ತದೆ," ಎಂದ.

ಅದು ಎರಡು ಸಾವಿರದ ಒಂದನೇ ಇಸವಿ. ಮೆಲ್ಕಾರಿನಲ್ಲಿ ಮಹಡಿಯ ಮೇಲೆ ಹಮೀದನ ಅಂಗಡಿ. ಅಂಗಡಿಯೆಂದರೆ ಒಂದು ಕಂಪ್ಯೂಟರು, ಧೂಳು ಕೂರದಂತೆ ಅದಕ್ಕೆ ಹೆಂಡತಿ ಹೊಲಿದುಕೊಟ್ಟ ಹೂವಿನ ಬಟ್ಟೆಯ ಅಂಗಿ. ಅಲ್ಲಿ ಕೂತು ಅವನು ಮದುವೆ ಕಾಗದ, ಎಂದರೆ ಆಮಂತ್ರಣ ಪತ್ರಿಕೆ, ತಯಾರಿಸುವ ಸಾಫ್ಟ್‌ವೇರ್ ಬರೆದಿದ್ದ. ಫ್ಲಾಪಿಯಲ್ಲಿ ಹಾಕಿ ಪರಿಚಯದ ಅಂಗಡಿಯವರಿಗೆ ಸುಮ್ಮನೆ ಹಂಚಿದ್ದ. ಫ್ಲಾಪಿಗಳು ಬಸ್ ಕಂಡಕ್ಟರರ ಚೀಲದಲ್ಲಿ ಕೂತು ಬೆಳ್ತಂಗಡಿ, ಮೂಡಬಿದ್ರೆ ಸುತ್ತಿದವು. ಹೋದವು ಬರಿಗೈಯಲ್ಲಿ ಮರಳಲಿಲ್ಲ. ಗುರುವಾಯನಕೆರೆಯ ಲೋಕಯ್ಯ ಗಣಪತಿಯ ಚಿತ್ರ ಸೇರಿಸಿ ಕಳಿಸಿದ. ಮೂಡಬಿದ್ರೆಯ ಮೋಕ್ಷಿತಾ ಬಸದಿಯ ಕಂಬಗಳನ್ನು ಅಂಚಿಗೆ ಬಿಡಿಸಿ ಕಳಿಸಿದಳು. ಯಾರೋ ಶಿಲುಬೆ ಕೊಟ್ಟರು, ಇನ್ಯಾರೋ ಚಂದ್ರ. ಯಾರ ಹೆಸರೂ ಎಲ್ಲಿಯೂ ಇರಲಿಲ್ಲ. ಯಾರೂ ಕೇಳಲೂ ಇಲ್ಲ. ಅಂಥ ಕಾಲ ಅದು.

"ಬೆಳೆಸಿದ್ದು ಸಾಕು ಬಾವ, ಇನ್ನು ದುಡಿಸು," ಎಂದ ಫಯಾಝ್. "ಹೊಸತು ಮಾಡಿ ಒಂದು ಬೀಗ ಇಡು. ಮದುವೆ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಎಲ್ಲ ಕಡೆ ನಿಲ್ಲಲಿ. 'ಹಮೀದರಿಗೆ ಫೋನ್ ಮಾಡಿ' ಅಂತ ಬರಲಿ. ಹಣ ಕೊಟ್ಟವರಿಗೆ ಬೀಗದ ನಂಬ್ರ ಹೇಳು. ದೊಡ್ಡ ಕಂಪೆನಿಯವರು ಮಾಡುವುದು ಅದೇ ಮಾರಾಯ."

ಅಂಗಡಿಯ ಬಾಡಿಗೆ ನೆನಪಾಗಿ ಹಮೀದ್ ಒಪ್ಪಿದ. ಬೀಗವಿಟ್ಟ ಹೊಸ ಫ್ಲಾಪಿಗಳು ಹಳೆಯ ದಾರಿಯಲ್ಲೇ ಅಂಗಡಿ ಅಂಗಡಿಗೆ ಹೋದವು.

ಬೀಗ ಬೀಳುವ ದಿನ ಅವನು ಬೆಳಿಗ್ಗೆಯೇ ಬಂದು, ಮೊಟ್ಟೆಗೆ ಕೂತ ಕೋಳಿಯ ಹಾಗೆ ಫೋನಿನ ಪಕ್ಕ ಕೂತ. ಅದು ಬಡಿದುಕೊಳ್ಳಲಿಲ್ಲ. ಸತ್ತಿದೆಯೋ ಎಂದು ಎತ್ತಿ ನೋಡಿದ; ಜೀವ ಇತ್ತು. ಕೊನೆಗೊಮ್ಮೆ ಬಡಿದಾಗ ಹಾರಿ ಎತ್ತಿಕೊಂಡರೆ ಹೆಂಡತಿ, ಊಟಕ್ಕೆ ಬರುತ್ತೀರಾ ಎಂದು ಕೇಳಲು. ಮಧ್ಯಾಹ್ನ ತಡೆಯಲಾರದೆ ಗುರುವಾಯನಕೆರೆಗೆ ಬಸ್ ಹತ್ತಿದ.

ಲೋಕಯ್ಯ ನೆಂಟರು ಬಂದ ಹಾಗೆ ಎದ್ದು ನಿಂತ. ಚಾ, ಗೋಳಿಬಜೆ ಬಂತು.

"ನಿಮ್ಮನ್ನೇ ನೆನೆಸಿದ್ದು ಹಮೀದರೆ. ಬೆಳಿಗ್ಗೆ ನಿಮ್ಮ ಸಾಫ್ಟ್‌ವೇರಿಗೆ ಸ್ವಲ್ಪ ಹುಷಾರಿರ್ಲಿಲ್ಲ. ನಿಮಗೆ ಫೋನ್ ಮಾಡಿ ಅಂತ ಬಂತು. ಪಾಪ, ಒಬ್ಬ ಮನುಷ್ಯನಿಗೆ ಎಷ್ಟು ಉಪದ್ರ ಕೊಡುವುದು? ನಾವೇ ಸರಿ ಮಾಡಿದೆವು."

"ಹೇಗೆ?"

"ಕಂಪ್ಯೂಟರಿನ ತಾರೀಕು ಒಂದು ವರ್ಷ ಹಿಂದೆ ಹಾಕಿದ್ದು. ಓಡಿತು. ಮೂಡಬಿದ್ರೆವರೆಗೆ ಎಲ್ಲರಿಗೂ ತಿಳಿಸಿದ್ದೇನೆ. ನಿಮಗೆ ತೊಂದರೆ ಕೊಡ್ಬೇಡಿ ಅಂತ ಸಹ ಹೇಳಿದ್ದೇನೆ."

ಗೋಳಿಬಜೆ ಹಮೀದನ ಗಂಟಲಲ್ಲೇ ನಿಂತಿತು. ಅದನ್ನು ಚಾದಿಂದ ಇಳಿಸುವಾಗ ಇನ್ನೊಂದು ಯೋಚನೆ ಬಂತು. "ಹಾಗಾದ್ರೆ ಕಾಗದದಲ್ಲಿ ಇಸವಿ?"

"ಹಳೇದೇ ಬರ್ತದೆ. ಕೈಯಲ್ಲಿ ತಿದ್ದುವುದು. ಅಷ್ಟು ಬುದ್ಧಿ ನಮಗಿಲ್ವಾ?"

"ವಾರ?"

ಲೋಕಯ್ಯ ಕಂಪ್ಯೂಟರಿನ ಕಡೆ ಬಗ್ಗಿದ. ಕಂಪ್ಯೂಟರಿನ ಇಸವಿ ನೋಡಿ ವಾರವನ್ನೂ ಸಾಫ್ಟ್‌ವೇರೇ ಹಾಕುತ್ತಿತ್ತು. ಪರದೆಯ ಮೇಲೆ ಆದಿತ್ಯವಾರದ ಮದುವೆಯೊಂದು ಶನಿವಾರಕ್ಕೆ ಬಂದು ಕೂತಿತ್ತು.

"ನಂದು ಯಾವುದೂ ಇನ್ನೂ ಪ್ರೆಸ್ಸಿಗೆ ಹೋಗ್ಲಿಲ್ಲ," ಎಂದ ಲೋಕಯ್ಯ, ದನಿ ತಗ್ಗಿಸಿ. "ಮೋಕ್ಷಿತಾನ ಹತ್ತಿರ ಅಚ್ಚಿನ ಮೆಷಿನೇ ಉಂಟು. ಅವಳು ಹೊಡೆದಿರ್ತಾಳೆ."

ಅವಳ ಫೋನ್ ಸಿಗಲಿಲ್ಲ. ಹಮೀದ್ ವೇಣೂರಿನ ದಾರಿಯ ಬಸ್ಸಿಗೆ ಓಡಿದ. ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದು ದಾರಿಯುದ್ದ ಮಾತು ಜೋಡಿಸಿದ. ಆದರೆ ಅಂಗಡಿಗೆ ಕಾಲಿಟ್ಟಾಗ ಮೋಕ್ಷಿತಾ ಅವನಿಗೆ ಮಾತಾಡಲು ಬಿಡಲಿಲ್ಲ. ಮೇಜಿನೊಳಗಿಂದ ದಪ್ಪ ಲಕೋಟೆಯೊಂದನ್ನು ತೆಗೆದು ಎರಡು ಕೈಯಲ್ಲಿ ಕೊಟ್ಟಳು.

"ನಾವು ಅಂಗಡಿಯವರೆಲ್ಲ ಸೇರಿಸಿದ್ದು ಹಮೀದಣ್ಣ. ನೀವು ಬಾಯಿಬಿಟ್ಟು ಕೇಳುವವರಲ್ಲ. ಅದಕ್ಕೆ ನಾವೇ ಕೊಡುವ ಅಂತ. ನೀವು ಈ ಕಡೆ ಬರ್ಲೇ ಇಲ್ಲ."

ಜೋಡಿಸಿದ ಮಾತೆಲ್ಲ ಚದುರಿಹೋಯಿತು. ಹಮೀದನ ಕಣ್ಣು ಒದ್ದೆಯಾಯಿತು. ಸಂತೋಷಕ್ಕೋ ನಾಚಿಕೆಗೋ ಅವನಿಗೇ ತಿಳಿಯಲಿಲ್ಲ.

"ಮತ್ತೊಂದು ವಿಷಯ, ಬೇಜಾರ್ ಮಾಡ್ಬಾರ್ದು," ಎಂದಳು ಮೋಕ್ಷಿತಾ. "ಇನ್ನು ಹೊಸತು ಕಳಿಸ್ಬೇಡಿ. ಹಳೇದೇ ಚಂದ ಇತ್ತು."

ಅಷ್ಟರಲ್ಲಿ ಕಟ್ಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ವಯಸ್ಸಾದ ಗಿರಾಕಿಯೊಬ್ಬರು ಒಳಗೆ ಬಂದರು. ಹುಕ್ರಪ್ಪ, ಮಗಳ ಮದುವೆ ಕಾಗದವನ್ನು ಮಧ್ಯಾಹ್ನವಷ್ಟೇ ಒಯ್ದವರು.

"ಆದಿತ್ಯವಾರದ ಮದುವೆಗೆ ಜನ ಶನಿವಾರವೇ ಬಂದ್ರೆ ಊಟಕ್ಕೆ ಎಂತ ಮಾಡುವುದು?" ಎಂದು ಶಾಂತವಾಗಿ ಕೇಳಿ, ಕಟ್ಟನ್ನು ಮೇಜಿನ ಮೇಲಿಟ್ಟರು.

ಒಂದು ಕಾಗದ ಎತ್ತಿ ನೋಡಿದ ಮೋಕ್ಷಿತಾಳ ಮುಖ ಬಿಳಿಚಿಕೊಂಡಿತು. ಹಮೀದ್ ಲಕೋಟೆಯನ್ನು ಕಟ್ಟಿನ ಪಕ್ಕ ಇಟ್ಟ. "ತಪ್ಪು ನಂದು. ಎಲ್ಲ ಹೊಸತಾಗಿ ಹೊಡೆಯುವ. ಖರ್ಚು ಇದರಲ್ಲಿ."

"ನಿಮ್ಮದೇನು ತಪ್ಪು? ತಾರೀಕು ಬದಲಿಸಿದ್ದು ನಾವಲ್ವಾ?" ಎಂದಳು ಅವಳು. ಹಮೀದ್ ಕೂತು ಕಂಪ್ಯೂಟರಿನ ತಾರೀಕು ಸರಿ ಮಾಡಿ, ಬೀಗದ ನಂಬ್ರ ಒತ್ತಿದ. ಅವನ ಹೆಗಲ ಮೇಲಿನಿಂದ ಬಗ್ಗಿ ಅವಳು ಅದನ್ನು ಬರೆದುಕೊಂಡಳು.

"ಇದನ್ನು ಎಲ್ಲರಿಗೂ ನಾನೇ ಫೋನ್ ಮಾಡಿ ಹೇಳ್ತೇನೆ. ನಿಮಗೆ ತೊಂದರೆ ಬೇಡ."

ಲಕೋಟೆಯಲ್ಲಿದ್ದದ್ದು ಹೊಸ ಕಾಗದಕ್ಕೆ ಸರಿಯಾಗಿ ಸಾಲಿತು. ಹಮೀದ್ ಬಸ್ಸಿಗೆಂದು ಮೆಟ್ಟಿಲಿಳಿಯುವಾಗ ಹುಕ್ರಪ್ಪ ಹಿಂದಿನಿಂದ ಕರೆದರು. ಹಳೆಯ ಕಟ್ಟಿನಿಂದ ಒಂದು ಕಾಗದ ಎಳೆದು, ಹೆಸರು ಬರೆದು, ಮರ್ಯಾದೆಯಿಂದ ಅವನ ಕೈಗಿತ್ತರು.

"ಮನೆಯವರನ್ನೆಲ್ಲ ಕರ್ಕೊಂಡು ಬರ್ಬೇಕು. ನಿಮಗೆ ಇದೇ ಸಾಕು. ವಾರ ಗೊತ್ತುಂಟಲ್ಲ."