ಅಂಗೈಯಲ್ಲಿ ಬಾವಿ

ನಮ್ಮ ನೀಲಾ ಪಾಸಾದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಕ್ಕೆ ನನ್ನಿಂದ ಆಗುವುದಿಲ್ಲ. ನನ್ನ ಮೊಮ್ಮಗಳು ಭಾಲ್ಕಿಯ ಸಾಲೆಯಲ್ಲಿ ಒಂದನೆಯದು ದಾಟಿ ಎರಡನೆಯದಕ್ಕೆ ಹೋದಳು. ಅದೂ ಲೆಕ್ಕದಲ್ಲಲ್ಲ, ಅಕ್ಷರದಲ್ಲಲ್ಲ, ಡ್ರಿಲ್ಲಿನಲ್ಲಿ. ಅಕ್ಷರ ಅವಳಿಗೆ ಮೊದಲೇ ಬರುತ್ತಿತ್ತು. ಕೈಕಾಲೇ ಮಾತು ಕೇಳುತ್ತಿರಲಿಲ್ಲ. ನಾನು ಓದಿದ್ದು ಉರ್ದುವಿನ ಎರಡು ಜಮಾತು ಮಾತ್ರ. ಆದರೂ ಈ ಪಾಸಿನಲ್ಲಿ ಅರ್ಧ ನನ್ನದೆಂದು ಬಜಾರಿನಲ್ಲಿ ಕಂಡಕಂಡವರಿಗೆಲ್ಲ ಹೇಳಿ ಬಂದಿದ್ದೇನೆ.

ಪೊಲೀಸ್ ಆಕ್ಷನ್ ಆಗಿ, ನಿಜಾಮರ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಸಾಲೆಗೆ ಕನ್ನಡ ಪುಸ್ತಕಗಳು ಬಂದಿದ್ದವು. ಆದರೆ ಡ್ರಿಲ್ ಕಲಿಸುವ ಮಸ್ತಾನ್ ಮಾಸ್ತರರು ಮಾತ್ರ ಹಳೆಯ ಉರ್ದುವಿನಲ್ಲೇ ಕೂಗುತ್ತಿದ್ದರು. ಯಾಕೆಂದು ಕೇಳಿದರೆ, "ಕಿತಾಬಿಗಿ ಹುಕುಂ ಬಂದದರಿ, ಡ್ರಿಲ್ಲಿಗಿ ಇನ್ನಾ ಬಂದಿಲ್ಲ" ಎನ್ನುತ್ತಿದ್ದರು. ಒಂಟಿ ಕಾಲಲ್ಲಿ ಕುಂಟುತ್ತ ಎಣಿಸುವುದು, ಬಲಗೈಯಿಂದ ಎಸೆದ ಚೆಂಡನ್ನು ಎಡಗೈಯಲ್ಲಿ ಹಿಡಿಯುವುದು, ಅಡ್ಡಗೈ ಹಾಕಿ ಕಿವಿ ಹಿಡಿಯುವುದು. ಇದರಿಂದ ಮಕ್ಕಳ ತಲೆ ಚುರುಕಾಗುತ್ತದೆಂದು ಅವರ ನಂಬಿಕೆ. ಒಂದು ದಿನ ನನ್ನನ್ನು ದಾರಿಯಲ್ಲೇ ನಿಲ್ಲಿಸಿದರು. "ಮುತ್ಯಾರೆ, ನಾ 'ಬಾಯಾಂ ಹಾತ್' ಅಂದ್ರ ನಿಮ್ಮ ಬಚ್ಚಿ ಬಾಯಿ ಮುಚ್ಕೋತಾಳ. ಹಿಂಗಾದ್ರ ಮುಂದಿನ ಜಮಾತಿಗಿ ಹ್ಯಾಂಗ ಕಳಿಸ್ಲಿರಿ? ಐತವಾರ ಬಿಟ್ಟು ಮರುದಿನ ಇಮ್ತಿಹಾನ್ ಅದ."

ಉರ್ದುವಿನ ಎಡಗೈ ಅವಳ ಕಿವಿಗೆ ನಮ್ಮ ಬಾಯಿಯಾಗಿ ಕೇಳುತ್ತಿತ್ತು. ಓರಗೆಯವರೆಲ್ಲ ಮುಂದೆ ಹೋಗಿ ನೀಲಾ ಒಬ್ಬಳೇ ಹಿಂದೆ ಉಳಿಯುವುದೆ? ನಾನೇ ಉಸ್ತಾದನಾದೆ. ನಮ್ಮ ಕಡೆ ಬಾವಿಗೂ ಬಾಯಿ ಎಂದೇ ಅನ್ನುತ್ತೇವೆ. ಮನೆ ಮುಂದಿನ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂತರೆ ನಮ್ಮ ಬಾವಿ ಸರಿಯಾಗಿ ಎಡಕ್ಕೆ ಬರುತ್ತದೆ. "ನೋಡವ್ವ, ಬಾಯಾಂ ಅಂದ್ರ ನೀರಿನ ಬಾಯಿ ಇರೋ ಕಡಿ" ಎಂದೆ. ಎರಡೇ ದಿನದಲ್ಲಿ ಹುಡುಗಿ ಕಲಿತುಬಿಟ್ಟಳು! ನಾನು ಕಟ್ಟೆಯ ಮೇಲಿಂದ ಕೂಗುವುದು, ಅವಳೂ ಬೀದಿಗೇ ಮುಖ ಮಾಡಿ ನಿಂತು ಬಾವಿಯ ಕಡೆ ತಿರುಗುವುದು. ಹುಮ್ಮಸ್ಸಿನಲ್ಲಿ ನಾನೂ ಒಂದು ಸಲ ಕುಂಟಿ ತೋರಿಸಲು ಹೋಗಿ ಜೋಳದ ಚೀಲದ ಮೇಲೆ ಬಿದ್ದೆ. "ಮಾವಾ, ಡ್ರಿಲ್ ಇಮ್ತಿಹಾನ್ ಯಾರಿಗಿ ಅದರಿ?" ಎಂದು ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು.

ಪರೀಕ್ಷೆಯ ಹಿಂದಿನ ಸಂಜೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಒಳಗಿಂದಲೇ "ಬಾಯಾಂ!" ಎಂದು ಕೂಗಿದಳು. ನೀಲಾ ಆಗ ಮನೆಗೆ ಮುಖ ಮಾಡಿ ನಿಂತಿದ್ದಳು. ಬಾವಿಯ ಕಡೆಗೇ ತಿರುಗಿದಳು. ಅದು ಬಲಗಡೆ! ಬಾವಿ ಇದ್ದಲ್ಲೇ ಇರುತ್ತದೆ, ಹುಡುಗಿ ತಿರುಗುತ್ತಾಳೆ ಎಂಬುದು ನನ್ನ ಎರಡು ಜಮಾತಿನ ತಲೆಗೆ ಹೊಳೆದೇ ಇರಲಿಲ್ಲ. "ಇದ್ದದ್ದೂ ಕೆಡಿಸಿದ್ರಿ ನೋಡ್ರಿ" ಎಂದಳು ಹೆಂಡತಿ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ನೀಲಾ ಸ್ವಲ್ಪ ಹೊತ್ತು ನನ್ನನ್ನೂ ಬಾವಿಯನ್ನೂ ನೋಡಿದಳು. ಆಮೇಲೆ ಒಲೆಯ ಹತ್ತಿರ ಹೋಗಿ ಇದ್ದಿಲಿನ ಚೂರು ತಂದು, ಎಡ ಅಂಗೈ ನಡುವೆ ಒಂದು ದುಂಡನೆಯ ಗೆರೆ ಎಳೆದುಕೊಂಡಳು.

"ಮುತ್ಯಾ, ಬಾಯಿನ ನಾನೇ ಸಾಲಿಗಿ ಒಯ್ತೀನಿ. ಇನ್ನ ನಾ ತಿರುಗಿದ್ರ ಅದೂ ತಿರುಗ್ತದ."

ಮರುದಿನ ನಾನು ಸಾಲೆಯ ಗೋಡೆಯಾಚೆಯಿಂದ ಇಣುಕುತ್ತಿದ್ದೆ. ಮಾಸ್ತರರು ಅವಳನ್ನು ಹಿಂದಕ್ಕೆ ತಿರುಗಿಸಿದರು, ಮುಂದಕ್ಕೆ ತಿರುಗಿಸಿದರು. ಕೊನೆಗೆ "ಬಾಯಾಂ ಹಾತ್ ಸೆ ದಾಯಾಂ ಕಾನ್ ಪಕಡೋ!" ಎಂದರು. ನೀಲಾ ಅಂಗೈಯನ್ನು ಕಳ್ಳನೋಟದಲ್ಲಿ ನೋಡಿ, ಎಡಗೈಯಿಂದ ಬಲಗಿವಿ ಹಿಡಿದು ಕಂಬದಂತೆ ನಿಂತಳು. ಮಾಸ್ತರರು ಕೈ ಬಿಡಿಸಿ ನೋಡಿದರು.

"ಏನಿದು ಬೇಟಿ?"

"ಬಾಯಿರಿ."

"ಬಾಯಿ ಮಾರಿಮ್ಯಾಲ ಇರ್ತದಲ್ಲ?"

"ಆ ಬಾಯಿ ಅಲ್ರಿ. ನೀರಿನ ಬಾಯಿ!"

ಅವರು ನಗು ತಡೆಯಲಾರದೆ ಟೋಪಿ ತೆಗೆದು ಗಾಳಿ ಬೀಸಿಕೊಂಡರು. "ಕೈ ಕಲೀಲಿ ಅಂದ್ರ ಇಕಿ ದಿಮಾಗೇ ಕಲ್ತದ. ಪಾಸ್!"

ಸಂಜೆ ಮನೆಯಲ್ಲಿ ಹೋಳಿಗೆ. ಮಗ, ಸೊಸೆ, ನಾವಿಬ್ಬರು, ನಡುವೆ ಕೈತೊಳೆದು ಬಂದ ನೀಲಾ, ಎಲ್ಲರೂ ಒಟ್ಟಿಗೆ ಕೂತೆವು. ನನ್ನ ಉಸ್ತಾದಗಿರಿಯನ್ನು ನಾನು ಮೂರನೆಯ ಸಲ ವರ್ಣಿಸುತ್ತಿದ್ದೆ. ಅಷ್ಟರಲ್ಲಿ ನೀಲಾ ತಾಟಿಗೆ ಯಾವುದೋ ಕೈ ಹಾಕಿದಳು. "ಏ, ಎಡಗೈಲಿ ಉಣಬ್ಯಾಡ!" ಎಂದು ಹೆಂಡತಿ ಗದರಿದ್ದೇ ತಡ, ಹುಡುಗಿ ಅಂಗೈ ಕೂಡ ನೋಡದೆ ಥಟ್ಟನೆ ಕೈ ಬದಲಿಸಿದಳು.

ಎಲ್ಲರ ಕೈಯೂ ತಾಟಿನ ಮೇಲೇ ನಿಂತಿತು. ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅಲ್ರಿ, ಎಡಗೈ ಯಾವ್ದಂತ ಇಕಿಗಿ ಮೊದಲೇ ಗೊತ್ತಿತ್ತು. ಬಾಯಾಂ ಅಂದ್ರ ಎಡ ಅಂತ ಒಂದ್ ಮಾತ್ ಹೇಳಿದ್ರ ಮುಗೀತಿತ್ತಲ್ರಿ?"

ನಾನು ಇಡೀ ಹೋಳಿಗೆಯನ್ನು ಮಡಚಿ ಬಾಯಿಗೆ ತುರುಕಿಕೊಂಡೆ. ಬಾಯಿ ತುಂಬಿದಾಗ ಮಾತಾಡಬಾರದಲ್ಲವೇ?